ಎರಡು ಅಂದೆ, ಯಾರೂ ಏರಿಸಲಿಲ್ಲ

ನನ್ನ ಹೊಟ್ಟೆಯ ಎಡಗಡೆ ಒಂದು ಚೀಲ ಅಂಟಿಸಿದೆ. ಮಲ ಅದರೊಳಗೇ ಬರತ್ತೆ, ಸಾಯೋವರೆಗೂ ಅಲ್ಲೇ ಬರತ್ತೆ. ಇದನ್ನ ಮೊದಲೇ ಹೇಳ್ಬಿಟ್ಟೆ. ಈ ಒಂದು ಮಾತನ್ನ ಬಾಯಿಂದ ಆಚೆ ಹಾಕೋಕೆ ನನಗೆ ಎಂಟು ತಿಂಗಳು ಬೇಕಾಯ್ತು, ಇನ್ನೊಂದ್ಸಲ ಅಷ್ಟು ಕಾಯೋ ತಾಳ್ಮೆ ನನಗಿಲ್ಲ. ಇಂಥದ್ದೇ ಚೀಲ ಹಾಕ್ಕೊಂಡು ಯಾವುದೋ ರೂಮಲ್ಲಿ ಬಾಗಿಲು ಮುಚ್ಚಿ ಕೂತಿರೋರು ಯಾರಾದ್ರೂ ಓದ್ತಾ ಇದ್ರೆ, ನಿಮಗೋಸ್ಕರಾನೇ ಬರೀತಿದೀನಿ. ಮಿಕ್ಕೋರು ಮುಖ ಸಿಂಡರಿಸ್ಕೊಂಡೇ ಓದಿ, ನನಗೇನೂ ಬೇಜಾರಿಲ್ಲ.

ನನ್ನ ಹೆಸರು ಮುನಿರಾಜು. ಚಾಮರಾಜಪೇಟೆಯಲ್ಲಿ ಸೊಪ್ಪಿನ ಅಂಗಡಿ. ನಮ್ಮಪ್ಪ ತಲೆ ಮೇಲೆ ಬುಟ್ಟಿ ಹೊತ್ಕೊಂಡು ಶಂಕರಪುರಂ, ಬಸವನಗುಡಿ ಬೀದಿ ಬೀದಿ ಕೂಗಿ ಮಾರ್ತಿದ್ದರು. ನನ್ನ ಕಾಲಕ್ಕೆ ಕೂತು ಮಾರೋ ಹಾಗಾಯ್ತು, ಅಷ್ಟೇ ಬಡ್ತಿ. ಕೆಳಗೆ ರಸ್ತೆಗೆ ಅಂಗಡಿ, ಅದರ ಹಿಂದೆ ಅಡುಗೆಮನೆ ಮತ್ತು ನಾವು ಮಲಗೋ ರೂಮು, ಮೇಲೆ ಬುಟ್ಟಿ, ಗೋಣಿ ತುಂಬಿಡೋ ಒಂದು ಸಣ್ಣ ರೂಮು. ಹೆಂಡತಿ ಯಶೋದಾ ಮದುವೆಯಾದ ವರ್ಷದಿಂದ ನನ್ನ ಜೊತೆ ಅಂಗಡಿಯಲ್ಲೇ ಕೂತವಳು. ಒಬ್ಬಳೇ ಮಗಳು ದಿವ್ಯಾ, ಮತ್ತಿಕೆರೆಯಲ್ಲಿ ಗಂಡನ ಜೊತೆ ಸೇರಿ ಕಾಲೇಜು ಮಕ್ಕಳಿಗೆ ಮೆಸ್ ನಡೆಸ್ತಾಳೆ.

ನನ್ನ ಒಂದು ಗುಣ ನಿಮಗೆ ಗೊತ್ತಿರಬೇಕು. ಚೌಕಾಸಿ ಮಾಡದ ಗಿರಾಕಿ ಕಂಡ್ರೆ ನನಗಾಗಲ್ಲ. ಹೇಳಿದ ರೇಟಿಗೆ ತಲೆ ಅಲ್ಲಾಡಿಸಿ ಕೊತ್ತಂಬರಿ ಕಟ್ಟು ಎತ್ಕೊಂಡು ಹೋದ್ರು ಅಂದ್ರೆ ಅವರು ಮತ್ತೆ ಬರಲ್ಲ ಅಂತಲೇ ಅರ್ಥ. “ಏನ್ ಮುನಿರಾಜಪ್ಪ, ಮೆಂತ್ಯಕ್ಕೆ ಈ ರೇಟಾ? ಒಳಗೇನು ಚಿನ್ನ ಇಟ್ಟು ಕಟ್ಟಿದೀಯಾ?” ಅಂತ ಜಗಳ ತೆಗೆದು, ಎರಡು ಹೆಜ್ಜೆ ಹೋಗಿ, ತಿರುಗಿ ನೋಡೋರು ನಮ್ಮೋರು. ಬೆಳಿಗ್ಗೆ ಮಾರ್ಕೆಟ್ಟಲ್ಲಿ ನಾನು ಕೊಳ್ಳೋವಾಗಲೂ ಅಷ್ಟೇ. ಮೊದಲು ತೀರಾ ಕಡಿಮೆ ಹೇಳ್ಬೇಕು. ಮಂಡಿಯವನು “ತಮಾಷೆ ಮಾಡ್ಬೇಡ ಗುರು” ಅಂತ ಏರಿಸ್ತಾನೆ, ನಾನು ಒಂಚೂರು ಏರ್ತೀನಿ, ಅವನು ಒಂಚೂರು ಇಳೀತಾನೆ, ನಿಜವಾದ ರೇಟು ಎಲ್ಲೋ ಮಧ್ಯ ಸಿಗತ್ತೆ. ಮೊದಲು ಹೇಳಿದ್ದನ್ನೇ ನಿಜ ಅಂತ ನಂಬೋನು ನಮ್ಮ ಕಸುಬಲ್ಲಿ ಯಾರೂ ಇಲ್ಲ.

ಇನ್ನೊಂದು ವಿಷಯ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಬೀದಿ ಖಾಲಿ ಹೊಡೀತಿರತ್ತೆ. ಆಗ ನಾನೂ ಯಶೋದಾನೂ ಎದುರುಬದುರು ಕೂತು ಸೊಪ್ಪು ಆರಿಸ್ತೀವಿ. ಕಟ್ಟು ಬಿಚ್ಚಿ, ಕೊಳೆತ ಎಲೆ ಕಿತ್ತು, ನೀರು ಚಿಮುಕಿಸಿ, ಬಾಳೆನಾರಲ್ಲಿ ಮತ್ತೆ ಕಟ್ಟಿ ಇಡೋದು. ಜಾಗ ಸಣ್ಣದು, ಅವಳ ಮಂಡಿ ನನ್ನ ಮಂಡಿಗೆ ತಾಗತ್ತೆ. ಮಾತು ಜಾಸ್ತಿ ಇರಲ್ಲ. ಇಪ್ಪತ್ತೆಂಟು ವರ್ಷ ಹಾಗೆ ಕೂತಿದ್ವಿ, ಅದೊಂದು ಸುಖ ಅಂತ ನನಗೆ ಒಂದು ದಿನಾನೂ ಅನಿಸಿರಲಿಲ್ಲ.

ರಕ್ತ ಹೋಗೋಕೆ ಶುರುವಾದಾಗ ಮೂಲವ್ಯಾಧಿ ಅಂದ್ಕೊಂಡೆ. ಕೂತು ವ್ಯಾಪಾರ ಮಾಡೋರಿಗೆ ಬರೋ ಕಾಯಿಲೆ ಅದೇ ತಾನೇ. ಮೂಲಂಗಿ ರಸ ಕುಡಿದೆ, ಯಾರೋ ಹೇಳಿದ ಪುಡಿ ನುಂಗಿದೆ, ಯಾರಿಗೂ ಹೇಳದೇ ಅರ್ಧ ವರ್ಷ ತಳ್ಳಿದೆ. ಒಂದು ಭಾನುವಾರ ದಿವ್ಯಾ ಬಂದಿದ್ದಳು. ನನ್ನ ಬೆಲ್ಟಿಗೆ ಮೊಳೆಯಲ್ಲಿ ಹೊಸದಾಗಿ ಹೊಡೆದ ಎರಡು ತೂತು ಅವಳ ಕಣ್ಣಿಗೆ ಬಿತ್ತು. “ಅಪ್ಪ, ಇದೇನಿದು?” ಅಂದಳು. ಡಯಟ್ ಮಾಡ್ತಿದೀನಿ ಅಂದೆ. “ನೀನಾ? ಡಯಟ್ಟಾ?” ಅಂದವಳೇ ಮಾರನೇ ದಿನ ಬೆಳಿಗ್ಗೆ ಆಟೋ ತಂದು ಅಂಗಡಿ ಮುಂದೆ ನಿಲ್ಲಿಸಿದಳು.

ಪೈಪು ಹಾಕಿ ನೋಡಿದ ಡಾಕ್ಟರು ನನ್ನ ಜೊತೆ ಮಾತಾಡಲಿಲ್ಲ, ದಿವ್ಯಾ ಜೊತೆ ಇಂಗ್ಲಿಷಲ್ಲಿ ಮಾತಾಡಿದರು. ನನಗೆ ಅರ್ಥ ಆಗಿದ್ದು “ಗ್ರೋತ್” ಅನ್ನೋ ಒಂದೇ ಮಾತು. ಆದ್ರೆ ಮಗಳ ಕೈ ಕಾಣ್ತಿತ್ತು. ಫೈಲಿನ ಮೂಲೆ ಹಿಡಿದು ಮುದುಡಿ ಮುದುಡಿ ಉಂಡೆ ಮಾಡ್ತಿದ್ದಳು. ಆಚೆ ಬಂದಮೇಲೆ “ಕ್ಯಾನ್ಸರ್ರಾ?” ಅಂತ ನಾನೇ ಕೇಳಿದೆ. ಹೌದು ಅಂತ ತಲೆ ಅಲ್ಲಾಡಿಸಿದಳು, ಅಷ್ಟು ದೊಡ್ಡ ಹೆಂಗಸು ನನ್ನ ತೋಳು ಹಿಡ್ಕೊಂಡು ರಸ್ತೆಯಲ್ಲೇ ಅತ್ತಳು. ಮನೆಗೆ ಬಂದು ಯಶೋದಾಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. “ಊಟ ಏನ್ ಬೇಕಾದ್ರೂ ಮಾಡಬಹುದಂತಾ?” ಮಾಡಬಹುದು ಅಂದ್ವಿ. “ಹಂಗಾದ್ರೆ ಸರಿ” ಅಂತ ಒಳಗೆ ಹೋಗಿ ಒಲೆ ಹಚ್ಚಿದಳು.

ದೊಡ್ಡಾಸ್ಪತ್ರೆಯಲ್ಲಿ ಕಾಯೋ ಜಾಗದ ಬಗ್ಗೆ ಬರೀಬೇಕು. ಅಲ್ಲಿ ಕಾಯೋದು ಒಂದು ಕೆಲಸ, ಚಾಪೆ, ನೀರಿನ ಬಾಟಲು, ಟಿಫನ್ ಡಬ್ಬಿ ಸಮೇತ ಹೋಗಿ ಮಾಡೋ ಕೆಲಸ. ಯಾರೂ ಯಾರನ್ನೂ “ಏನಾಗಿದೆ” ಅಂತ ಕೇಳಲ್ಲ, “ಎಲ್ಲಿ” ಅಂತ ಕೇಳ್ತಾರೆ. ಗಂಟಲು, ಎದೆ, ಗರ್ಭಕೋಶ. ನನ್ನದು ಗುದದ ಹತ್ರ, ಕೇಳಿದಾಗ ಹೊಟ್ಟೆ ಅಂತ ಸುಳ್ಳು ಹೇಳ್ತಿದ್ದೆ. ಪಕ್ಕದಲ್ಲಿ ಕೂತ ಮಂಡ್ಯದ ಕಡೆ ಅಜ್ಜಿ ಒಬ್ಬರು ಒಂದಿನ ನಕ್ಕು, “ಹೊಟ್ಟೆಯವರು ದಿಂಬು ತರಲ್ಲ ಕಣಪ್ಪ” ಅಂದರು. ನಾನು ದಿಂಬಿನ ಮೇಲೆ ಕೂತಿದ್ದೆ. ಆವತ್ತು ನನಗೂ ನಗು ಬಂತು.

ಕರೆಂಟು, ಅಂದ್ರೆ ರೇಡಿಯೇಷನ್ ಕೊಟ್ರು, ಮಾತ್ರೆ ಕೊಟ್ರು, ಆಮೇಲೆ ಆಪರೇಷನ್. ಚೀಲದ ವಿಷಯ ಮೊದಲೇ ಹೇಳಿದ್ದರು, ಕಾಗದಕ್ಕೆ ಸೈನೂ ಹಾಕಿದ್ದೆ. ಆದ್ರೆ ಸೈನ್ ಹಾಕೋದೇ ಬೇರೆ, ಎಚ್ಚರವಾಗಿ ಕೆಳಗೆ ನೋಡೋದೇ ಬೇರೆ. ನನ್ನ ಹೊಟ್ಟೆ ಮೇಲೆ ಕೆಂಪಗೆ, ಒದ್ದೆಯಾಗಿ ಕರುಳಿನ ತುದಿ ಕೂತಿತ್ತು. ಚೀಲ ಬದಲಾಯಿಸೋದು ಕಲಿಸೋ ಒಬ್ಬ ಸಿಸ್ಟರ್ ಇದ್ದರು, ನಾನು ಅವರನ್ನ ಚೀಲದ ಸಿಸ್ಟರ್ ಅಂತಲೇ ಕರೆಯೋದು. ತುಂಬಾ ಒಳ್ಳೇವರು. “ಮುನಿರಾಜು, ನೋಡಿ ಇದಕ್ಕೆ ನೋವಾಗಲ್ಲ, ಮುಟ್ಟಿ” ಅಂದರು. ನಾನು ಗೋಡೆ ಕಡೆ ತಿರುಗಿದೆ.

ಮನೆಗೆ ಬಂದ ಎರಡನೇ ವಾರ. ನೋಡೋಕೆ ಅಂತ ಯಶೋದಾ ತಮ್ಮ, ಅವನ ಹೆಂಡತಿ, ದಿವ್ಯಾ, ಅಳಿಯ ಎಲ್ಲ ಬಂದಿದ್ದರು. ಅಂಗಡಿಗೆ ಅರ್ಧ ಶಟರ್ ಎಳೆದು ಎಲ್ಲ ಸಾಲಾಗಿ ಊಟಕ್ಕೆ ಕೂತ್ವಿ. ಮುದ್ದೆ, ಬಸ್ಸಾರು. ಎರಡು ತುತ್ತು ನುಂಗಿದ್ದೆ. ಆಗ ಚೀಲ ಸದ್ದು ಮಾಡ್ತು. ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ, ತಡೆಯೋಕೆ ನನ್ನ ಕೈಲಾಗಲ್ಲ. ದೊಡ್ಡದಾಗಿ, ಉದ್ದಕ್ಕೆ ಸದ್ದು. ಹಿಂದೇನೇ ವಾಸನೆ. ಎಲ್ಲ ತಟ್ಟೆ ನೋಡ್ತಾ ಕೂತರು. ನಾನು ತಲೆ ಎತ್ತಿದಾಗ ಕಂಡಿದ್ದು ಯಶೋದಾ. ಬಡಿಸ್ತಾ ನಿಂತವಳು ಸೆರಗು ಎತ್ತಿ ಮೂಗಿಗೆ ಇಟ್ಕೊಂಡಿದ್ದಳು.

ಬೇರೆ ಯಾರು ಮೂಗು ಮುಚ್ಕೊಂಡಿದ್ರೂ ಬೈದು ಎದ್ದು ಹೋಗ್ತಿದ್ದೆ. ಇವಳು ಮುಚ್ಕೊಂಡಿದ್ದಕ್ಕೆ ಏನೂ ಹೇಳೋಕಾಗಲಿಲ್ಲ. ಊಟ ಬಿಟ್ಟು ಎದ್ದೆ. ಆ ಸಾಯಂಕಾಲಾನೇ ಮೇಲಿನ ರೂಮಿನ ಬುಟ್ಟಿಗಳನ್ನ ಒಂದು ಕಡೆ ತಳ್ಳಿ ಹಾಸಿಗೆ ಹಾಕ್ಕೊಂಡೆ. ಯಾಕೆ ಅಂತ ಕೇಳಿದಳು. “ಗಾಳಿ ಚೆನ್ನಾಗಿದೆ” ಅಂದೆ. ಅಲ್ಲಿ ಕಿಟಕೀನೇ ಸರಿಯಾಗಿ ತೆರೆಯಲ್ಲ. ಅವಳು ಮತ್ತೆ ಕೇಳಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಎಂಟು ತಿಂಗಳು ಅಲ್ಲೇ ಇದ್ದೆ. ಸ್ನಾನಕ್ಕೆ, ಆಸ್ಪತ್ರೆಗೆ ಬಿಟ್ಟರೆ ಕೆಳಗಿನ ಮನೆಗೆ ಇಳೀತಿರಲಿಲ್ಲ. ಕೆಳಗಿನ ಅಂಗಡಿಯಲ್ಲಿ ನಡೆಯೋದೆಲ್ಲ ಕಿವಿಗೆ ಬೀಳ್ತಿತ್ತು. ಯಶೋದಾ ಗಂಟಲು ಏರಿಸಿದ್ರೆ ಕೊತ್ತಂಬರಿ ವ್ಯಾಪಾರ, ಮೆತ್ತಗೆ ಮಾತಾಡಿದ್ರೆ ನಿನ್ನೆಯ ಪಾಲಕ್ ಸಾಗಿಸ್ತಿದಾಳೆ ಅಂತ ನನಗೆ ಗೊತ್ತಾಗ್ತಿತ್ತು. ಮೂರು ಗಂಟೆಗೆ ಸದ್ದು ಅಡಗೋದು. ಈಗ ಆರಿಸೋಕೆ ಕೂತಳು, ಒಬ್ಬಳೇ ಕೂತಳು ಅಂದ್ಕೋತಿದ್ದೆ. ಇಳಿದು ಹೋಗಿ ಎದುರಿಗೆ ಕೂರಬೇಕು ಅನಿಸೋದು. ಎಷ್ಟು ಅನಿಸೋದು ಅಂದ್ರೆ, ಮೆಟ್ಟಿಲ ತನಕ ಬರ್ತಿದ್ದೆ. ಸೆರಗು ನೆನಪಾಗೋದು. ವಾಪಸ್ ಹೋಗಿ ಗೋಣಿ ಮೇಲೆ ಕೂರ್ತಿದ್ದೆ. ಹದಿನಾಲ್ಕು ಮೆಟ್ಟಿಲು ಇದ್ದವು. ಊರು ಬಿಟ್ಟು ಊರಿಗೆ ಹೋದವರೂ ಅಷ್ಟು ಹಂಬಲಿಸಿರಲಿಕ್ಕಿಲ್ಲ, ಥೂ, ಒಂದು ಮಂಡಿ ತಾಗಲಿ ಅಂತ ನಾನು ಹಂಬಲಿಸಿದೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪು ಹೇಳ್ತೀನಿ. ತಿಂದ್ರೆ ತಾನೇ ಚೀಲ ತುಂಬೋದು, ತಿನ್ನದಿದ್ರೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಹಾಗಂತ ತಿನ್ನೋದು ಬಿಟ್ಟೆ. ಯಶೋದಾ ದಿನಾ ಎರಡು ಹೊತ್ತು ತಟ್ಟೆ ತಂದು ಬಾಗಿಲ ಹತ್ರ ಇಟ್ಟು ಹೋಗೋಳು. ನಾನು ಎರಡು ತುತ್ತು ತಿಂದು, ಹಿಂದಿನ ಮೆಟ್ಟಿಲಿಂದ ಗಲ್ಲಿಗೆ ಇಳಿದು, ಅಲ್ಲಿ ಮಲಗಿರ್ತಿದ್ದ ಒಂದು ಕೆಂದ ಹಸೂಗೆ ಮುದ್ದೆ, ಅನ್ನ, ಪಲ್ಯ ಹಾಕಿ ಬರ್ತಿದ್ದೆ. ಸಾರು ಚರಂಡಿಗೆ. ಖಾಲಿ ತಟ್ಟೆ ಬಾಗಿಲ ಹತ್ರ ವಾಪಸ್ ಇಟ್ರೆ ನನ್ನ ಕೆಲಸ ಮುಗೀತು. ಹಸು ದಷ್ಟಪುಷ್ಟವಾಯ್ತು. ನನ್ನ ಬೆಲ್ಟಿಗೆ ಮತ್ತೆ ತೂತು ಹೊಡೆಯೋ ಹಾಗಾಯ್ತು.

ಐದಾರು ವಾರಕ್ಕೊಮ್ಮೆ ಆಸ್ಪತ್ರೆ. ಅಲ್ಲಿ ತೂಕ, ಬಿಪಿ ಆದಮೇಲೆ ಒಬ್ಬ ನರ್ಸು ಒಂದು ಕಾಗದ ಹಿಡಿಯೋರು. ಅದರಲ್ಲಿ ಥರ್ಮಾಮೀಟರ್ ಚಿತ್ರ, ಕೆಳಗೆ ಸೊನ್ನೆ, ಮೇಲೆ ಹತ್ತು. “ಈ ವಾರ ಮನಸ್ಸಿಗೆ ಎಷ್ಟು ಸಂಕಟ ಆಯ್ತು? ನಂಬರ್ ಹೇಳಿ” ಅನ್ನೋರು. ಮೊದಲ ಸಲ ಕೇಳಿದಾಗ ನನ್ನ ಬಾಯಲ್ಲಿ ತಾನಾಗೇ “ಎರಡು” ಅಂತ ಬಂತು. ಎರಡು ಅಂತ ಬರ್ಕೊಂಡರು, “ನೆಕ್ಸ್ಟ್” ಅಂದರು.

ನಾನು ಎರಡು ಅಂದಿದ್ದು ಅವರು ಏರಿಸಲಿ ಅಂತ! “ಏನ್ರೀ ಎರಡು, ನಿಮ್ಮ ಮುಖ ನೋಡಿದ್ರೆ ಎಂಟು ಕಾಣ್ತಿದೆ” ಅನ್ನಲಿ, ನಾನು “ಅಯ್ಯೋ ಇಲ್ಲಮ್ಮ, ನಾಲ್ಕು” ಅಂತೀನಿ, ಅವರು ಏಳು ಅಂತಾರೆ, ಎಲ್ಲೋ ಒಂದು ಕಡೆ ನಿಂತು ನಾನು ಬಾಯಿ ಬಿಡ್ತೀನಿ ಅಂತ. ಬೇಕು ಬೇಕು ಅಂತ ಲೆಕ್ಕ ಹಾಕಿ ಹೇಳಿದ್ದಲ್ಲ. ಜೀವಮಾನ ಪೂರ್ತಿ ನಂಬರ್ ಕೇಳಿದವರ ಹತ್ರ ಹಾಗೇ ಮಾತಾಡಿದೀನಿ. ಅವರು ಏರಿಸಲಿಲ್ಲ. ಮುಂದಿನ ಸಲವೂ ಎರಡು ಅಂದೆ. ಆಗಲೂ ಏರಿಸಲಿಲ್ಲ. ಆರು ಸಲ ಹೋದೆ, ಆರು ಸಲಾನೂ ಎರಡೇ ಅಂದೆ, ಆ ಹುಡುಗಿ ಪಾಪ ಆರು ಸಲಾನೂ ಬರ್ಕೊಂಡಳು. ಚೌಕಾಸಿ ಮಾಡಲ್ಲ ಅಂದ್ರೆ ಇವರಿಗೆ ನಾನು ಬೇಕಾಗಿಲ್ಲ ಅಂತ ನಾನು ತೀರ್ಮಾನ ಮಾಡ್ಕೊಂಡೆ.

ಅಷ್ಟರಲ್ಲಿ ಡಾಕ್ಟರಿಗೆ ನನ್ನ ತೂಕ ನೋಡಿ ಗಾಬರಿ ಆಯ್ತು. ಚೆನ್ನಾಗಿ ಊಟ ಮಾಡ್ತಾರಾ ಅಂತ ಯಶೋದಾನ ಕೇಳಿದರು. “ತಟ್ಟೆ ಖಾಲಿ ಮಾಡ್ತಾರೆ ಸಾರ್, ಒಂದಗುಳೂ ಬಿಡಲ್ಲ” ಅಂದಳು. ನಾನು ಫ್ಯಾನು ನೋಡ್ತಾ ಕೂತಿದ್ದೆ. ತಿಂದ್ರೂ ಕರಗ್ತಿದಾರೆ ಅಂದ್ರೆ ಕಾಯಿಲೆ ಮತ್ತೆಲ್ಲೋ ಎದ್ದಿರಬೇಕು ಅಂತ ಸ್ಕ್ಯಾನಿಗೆ ಬರೆದರು. ರಿಪೋರ್ಟಿಗೆ ಕಾದ ಐದು ದಿನ ಕೆಳಗೆ ಯಶೋದಾ ಗಂಟಲೇ ಕೇಳಿಸಲಿಲ್ಲ. ಸ್ಕ್ಯಾನಲ್ಲಿ ಏನೂ ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಒಂದು ಚೀಟಿ ಬರೆದು, ಆ ಕಡೆ ಕಟ್ಟಡದಲ್ಲಿ ಮನೋವೈದ್ಯರಿದ್ದಾರೆ ಹೋಗಿ ಅಂದರು. ಹೋದೆ. ಬೋರ್ಡು ಓದಿದೆ. ಬಾಗಿಲ ಮುಂದೆ ಬೆಂಚಲ್ಲಿ ಕೂತವರು ನನ್ನನ್ನ ನೋಡಿದರು. “ಕ್ಯಾನ್ಸರ್ ಸಾಲದು ಅಂತ ಈಗ ಹುಚ್ಚು ಅಂತಲೂ ಹೆಸರು ಬೇಕಾ?” ಅಂತ ಚೀಟಿ ಹರಿದು ಕಸದ ಡಬ್ಬಿಗೆ ಹಾಕಿ ಬಂದೆ. ಯಶೋದಾ ನೋಡಿದಳು.

ಮುಂದಿನ ಸಲ ಚೀಲದ ಸಿಸ್ಟರ್ ರೂಮಿಗೆ ಹೋದಾಗ ಅಲ್ಲಿ ಇನ್ನೊಂದು ಕುರ್ಚಿ ಬಂದಿತ್ತು. ಅದರಲ್ಲಿ ಧಾರವಾಡದ ಕಡೆ ಒಬ್ಬ ಹೆಣ್ಣುಮಗಳು, ಅಕ್ಷತಾ ಅಂತ ಹೆಸರು. ಚೀಟಿ ಹರಿದವನು ನಾನೊಬ್ಬನೇ ಅಲ್ಲವಂತೆ, ಆ ಕಟ್ಟಡಕ್ಕೆ ಕಳಿಸಿದವರಲ್ಲಿ ತುಂಬಾ ಜನ ಹೋಗ್ತಾನೇ ಇರಲಿಲ್ಲವಂತೆ. ಅದಕ್ಕೆ ಆಸ್ಪತ್ರೆಯವರು ಕೌನ್ಸೆಲರನ್ನೇ ಇಲ್ಲಿ ತಂದು ಕೂರಿಸಿದ್ದರು. ಬೋರ್ಡಿಲ್ಲ, ಬೇರೆ ಬಾಗಿಲಿಲ್ಲ. ಸಿಸ್ಟರ್ ನನ್ನ ಚೀಲ ನೋಡ್ತಾ ಇರೋವಾಗಲೇ ಅಕ್ಷತಾ ಪಕ್ಕದಲ್ಲಿ ಕೂತು ಊರು, ಅಂಗಡಿ ಅಂತ ಕೇಳಿದರು. ಅದು ಚಿಕಿತ್ಸೆ ಅಂತ ನನಗೆ ಗೊತ್ತಿದ್ರೆ ಎದ್ದು ಬರ್ತಿದ್ದೆ.

ಆಮೇಲೆ ಅವರು ನನ್ನನ್ನ ಆಚೆ ಕೂರಿಸಿ ಯಶೋದಾನ ಒಳಗೆ ಕರೆದರು. ಅಲ್ಲಿವರೆಗೂ ಅವಳೊಬ್ಬಳನ್ನೇ ಯಾರೂ ಒಳಗೆ ಕರೆದಿರಲಿಲ್ಲ, ಅವಳಿಗೆ ಯಾರೂ ಆ ಥರ್ಮಾಮೀಟರ್ ತೋರಿಸಿರಲಿಲ್ಲ. ಹತ್ತು ನಿಮಿಷ ಆದಮೇಲೆ ನನ್ನನ್ನೂ ಕರೆದರು. ಯಶೋದಾ ಕಣ್ಣು ಕೆಂಪಗಿತ್ತು.

“ಅಣ್ಣಾರ, ನಿಮ್ಮ ಫೈಲ್ ತುಂಬ ಎರಡ ಐತಿ,” ಅಂದರು ಅಕ್ಷತಾ. “ಅಕ್ಕಾರು ಒಂಬತ್ತು ಅಂದಾರ. ಹೇಳ್ರಿ ಅಂತ ಅವರೇ ಒಪ್ಪಿದ್ದಕ್ಕ ಹೇಳಾಕತ್ತೇನಿ. ಒಂದ ಮನಿಯಾಗ ಎರಡು, ಒಂಬತ್ತು ಹೆಂಗ್ರೀ?”

ನನಗೆ ಎಲ್ಲಿತ್ತೋ ಸಿಟ್ಟು. “ಯಾಕ್ ಮೇಡಂ ಕೇಳ್ತೀರಾ ಈಗ? ಆರು ಸಲ ಎರಡು ಅಂದೆ. ಒಬ್ಬರಾದ್ರೂ ಏರಿಸಿದ್ರಾ? ಒಬ್ಬರಾದ್ರೂ ‘ಎರಡಲ್ಲ ಕಣಯ್ಯಾ’ ಅಂದ್ರಾ? ಒಂದು ಕಟ್ಟು ಸಬ್ಬಸಿಗೆಗೂ ಜನ ಇದಕ್ಕಿಂತ ಜಾಸ್ತಿ ಮಾತಾಡ್ತಾರೆ!”

ಅವರಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಅರ್ಥ ಆದಮೇಲೆ ಬಾಯಿಗೆ ಕೈ ಇಟ್ಕೊಂಡರು. “ಅಯ್ಯ ಶಿವನೇ! ಅಣ್ಣಾರ, ಅದನ್ನ ನಾವು ಏರಸಾಂಗಿಲ್ರೀ. ಪೇಷೆಂಟ್ ಏನ್ ಹೇಳತಾರ ಅದನ್ನ ಬರಕೋಬೇಕು, ನಮ್ಮದು ಸೇರಿಸಬಾರದು ಅಂತ ಕಲಿಸಿರತಾರ.” ಪೆನ್ನು ಎತ್ಕೊಂಡು, “ಹೋಗ್ಲಿ, ಈಗ ನಾ ಏರಸ್ತೇನಿ. ಎಂಟು,” ಅಂದರು.

“ಒಂಬತ್ತು,” ಅಂದೆ. ಅಂದವನೇ ಅತ್ತೆ. ಗಂಡಸು ಅಳೋದು ಹೇಗೆ ಅಂತ ನನಗೆ ಅಭ್ಯಾಸ ಇಲ್ಲ, ಕೆಮ್ಮು, ಬಿಕ್ಕಳಿಕೆ ಎಲ್ಲ ಸೇರಿ ಬಂತು. ಚೀಲದ ಸಿಸ್ಟರ್ ಬಾಗಿಲು ಸರಿಸಿ ನೀರು ತಂದುಕೊಟ್ಟರು.

ಒಂಬತ್ತು ಯಾಕೆ ಅಂತ ಯಶೋದಾನ ನಾನೇ ಕೇಳಿದೆ. “ಇನ್ನೇನ್ ಹೇಳ್ಲಿ? ದಿನಾ ತಟ್ಟೆ ಖಾಲಿ ಬರತ್ತೆ, ನೀವು ನೋಡಿದ್ರೆ ದಿನಾ ಸವೀತಿದೀರಾ. ಕಾಯಿಲೆನೇ ತಿಂತಿದೆ ಅನ್ಕೊಂಡೆ. ಸ್ಕ್ಯಾನಲ್ಲಿ ಏನೂ ಇಲ್ಲ ಅಂದ್ರೂ ನಂಬಿಕೆ ಬರಲಿಲ್ಲ. ದಿವ್ಯಾನೂ ಡಾಕ್ಟರೂ ಸೇರ್ಕೊಂಡು ನನ್ನಿಂದ ಮುಚ್ಚಿಡ್ತಿದಾರೆ ಅನ್ಕೊಂಡೆ.”

ಇನ್ನು ಮುಚ್ಚಿಡೋಕಾಗಲಿಲ್ಲ. ಹಸುವಿನ ವಿಷಯ ಹೇಳಿದೆ.

ಅವಳು ನನ್ನನ್ನ ದಿಟ್ಟಿಸಿ ನೋಡಿದಳು. “ಹಸೂಗಾ?” ಅಂದಳು. “ಎಂಟು ತಿಂಗಳು ನಾನು ಬೆಳಿಗ್ಗೆ ಎದ್ದು ಹಸೂಗೆ ಬಸ್ಸಾರು ಮಾಡಿದ್ನಾ? ಅಯ್ಯೋ ನಿಮ್ಮ ಮನೆ ಹಾಳಾಗ! ಹೋದ ತಿಂಗಳು ಆ ಹಸು ನೋಡಿ ‘ಯಾರ್ ಮನೇದು ಇದು, ಎಷ್ಟು ಚೆನ್ನಾಗಿ ಸಾಕಿದಾರೆ’ ಅಂತ ನಾನೇ ಅಂದೆನಲ್ರೀ!” ಅಂತ ಫೈಲಲ್ಲಿ ನನ್ನ ತೋಳಿಗೆ ಹೊಡೆದಳು. ಅಕ್ಷತಾ ಬಿಡಿಸೋಕೆ ಬರಲಿಲ್ಲ, ಕಿಟಕಿ ಕಡೆ ತಿರುಗಿ ನಗ್ತಿದ್ದರು. ಎಂಟು ತಿಂಗಳಾದಮೇಲೆ ಯಶೋದಾ ನನ್ನ ಮೈ ಮುಟ್ಟಿದ್ದು ಆ ಏಟು. ಇನ್ನೊಂದು ಹೊಡೀಲಿ ಅನಿಸಿತು.

“ಯಾಕೆ ತಿನ್ನಲಿಲ್ಲ?” ಅಂತ ಕೇಳಿದಳು. “ನೀನು ಸೆರಗು ಮುಚ್ಕೊಂಡೆಯಲ್ಲ, ಆವತ್ತು, ಊಟಕ್ಕೆ ಕೂತಾಗ” ಅಂದೆ. ಅವಳಿಗೆ ನೆನಪೇ ಇರಲಿಲ್ಲ, ನೆನಪು ಮಾಡ್ಕೊಂಡಳು. ನಾನು ಅವಳು ಇಲ್ಲ ಅಂತಾಳೆ ಅಂದ್ಕೊಂಡಿದ್ದೆ. ಅಳು ತಡೆಯೋಕೆ ಮುಚ್ಕೊಂಡೆ, ಕೆಮ್ಮು ಬಂತು, ಹೀಗೇನಾದ್ರೂ ಹೇಳ್ತಾಳೆ, ನಾನೂ ನಂಬಿದ ಹಾಗೆ ಮಾಡ್ಬೇಕು ಅಂತ ತಯಾರಾಗಿದ್ದೆ.

“ಹೂಂ, ವಾಸನೆ ಬಂತು, ಮುಚ್ಕೊಂಡೆ,” ಅಂದಳು ಯಶೋದಾ. “ದಿವ್ಯಾ ಹುಟ್ಟಿದಾಗ ಬಟ್ಟೆ ಬದಲಾಯಿಸ್ವಾಗ್ಲೂ ಮುಚ್ಕೋತಿದ್ದೆ. ಮಗೂನ ಬಿಟ್ಟು ಹೋದ್ನೇನ್ರೀ ನಾನು?”

ಹೊರಗೆ ಟೋಕನ್ ನಂಬರು ಕೂಗ್ತಾನೇ ಇದ್ದರು, ಚೀಲದ ಸಿಸ್ಟರ್ ಮುಂದಿನವರಿಗೆ ಐದು ನಿಮಿಷ ಕಾಯೋಕೆ ಹೇಳಿದರು. ಟೋಕನ್ ಹಿಡಿದು ಅಷ್ಟು ದಿನ ಕಾದು ಕೂತವನಿಗೆ ಗೊತ್ತು, ಆ ಐದು ನಿಮಿಷ ಕೊಟ್ಟ ಅಪರಿಚಿತರಿಗೆ ನಾನು ಎಷ್ಟು ಋಣಿ ಅಂತ.

ಅದಾದಮೇಲೆ ಎಲ್ಲ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗತ್ತೆ. ಆವತ್ತೇ ಹಾಸಿಗೆ ಕೆಳಗೆ ತಂದೆ, ನಿಜ. ಊಟಕ್ಕೆ ಮಾತ್ರ ಭಯ ಹೋಗಲಿಲ್ಲ. ಮೊದಲ ವಾರ ಅರ್ಧ ಮುದ್ದೆ, ಅದೂ ಯಶೋದಾ ಎದುರಿಗೆ ಪೊಲೀಸಿನವಳ ಥರ ಕೂತು ತಿನ್ನಿಸಿದ್ದು. ಅಕ್ಷತಾ ಹತ್ರ ಮೂರು ವಾರಕ್ಕೊಮ್ಮೆ ಹೋಗ್ತಿದ್ವಿ, ಒಂದ್ಸಲ ನಾನೊಬ್ಬನೇ, ಒಂದ್ಸಲ ಇಬ್ಬರೂ. ಅವರು ಧೈರ್ಯ ತಗೊಳ್ಳಿ, ದೇವರಿದ್ದಾನೆ ಅಂತೆಲ್ಲ ಹೇಳೋರಲ್ಲ. ಈ ವಾರ ಎಲ್ಲಿ ಹೆದರಿಕೆ ಆಯ್ತು, ಆಗ ಏನ್ ಮಾಡಿದ್ರಿ, ಇನ್ನೊಂದ್ಸಲ ಏನ್ ಮಾಡ್ತೀರಿ, ಇಷ್ಟೇ. ಒಂದ್ಸಲ ನಾನು ನಿದ್ದೆ ಬರ್ತಿಲ್ಲ ಅಂದಿದ್ದಕ್ಕೆ, ಮಾತ್ರೆ ಬೇಕಾಗಬಹುದು ಅಂತ ಮನೋವೈದ್ಯರನ್ನೂ ಅದೇ ರೂಮಿಗೆ ಕರೆಸಿದರು. ಹುಚ್ಚು ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೇ ಒಂದ್ಸಲ ಬಂತು, ಆ ಡಾಕ್ಟರು ನಕ್ಕು, “ಎಂಟು ತಿಂಗಳು ಹಸಿವಲ್ಲಿ ಇದ್ದವರಿಗೆ ನಿದ್ದೆ ಬರದೇ ಇರೋದು ಹುಚ್ಚಲ್ಲ” ಅಂದರು.

ಅಂಗಡಿಗೆ ಇಳಿಯೋಕೆ ಇನ್ನೂ ಒಂದು ತಿಂಗಳು ಬೇಕಾಯ್ತು. ಮೊದಲ ದಿನ ಬಸವನಗುಡಿಯ ಒಬ್ಬ ಟೀಚರಮ್ಮ ಸೊಪ್ಪು ಆರಿಸ್ತಾ ನಿಂತಿದ್ದಾಗ ಚೀಲ ಸದ್ದು ಮಾಡ್ತು. ಅದೇ ಕ್ಷಣಕ್ಕೆ ಯಶೋದಾ ಒಂದು ಒದ್ದೆ ದಂಟಿನ ಕಟ್ಟು ಎತ್ತಿ ಹಲಗೆಗೆ ಪಟಪಟ ಬಡಿದಳು, ನೀರು ಕೊಡವೋ ಹಾಗೆ. ಟೀಚರಮ್ಮನ ಸೀರೆಗೆ ನೀರು ಹಾರಿ ಬೈಸ್ಕೊಂಡಳು. ಆಮೇಲೂ ಎಷ್ಟೋ ಸಲ ಹಾಗೇ ಬಡಿದಿದಾಳೆ. ಈಗೀಗ ಬಡಿಯಲ್ಲ, ಅವಳಿಗೂ ನನಗೂ ಅಭ್ಯಾಸ ಆಗಿದೆ, ಗಿರಾಕಿಗಳು ಅವರವರ ಚೌಕಾಸಿಯಲ್ಲಿ ಇರ್ತಾರೆ.

ಆ ನರ್ಸು ಈಗ ನಂಬರ್ ಬರ್ಕೊಂಡಮೇಲೆ ಪೆನ್ನು ಕೆಳಗಿಟ್ಟು “ನಿಜ ಹೇಳಿ” ಅಂತ ಇನ್ನೊಂದ್ಸಲ ಕೇಳ್ತಾಳೆ. ಜೊತೆಗೆ ಬಂದವರಿಗೂ ಕಾಗದ ಕೊಡ್ತಾರೆ. ಇದು ನನ್ನಿಂದ ಆಗಿದ್ದು ಅಂತ ಹೇಳ್ಕೊಳ್ಳಲ್ಲ, ನನ್ನ ಥರದವರು ಇನ್ನೂ ಎಷ್ಟು ಜನ ಇದ್ದರೋ. ಆದ್ರೆ ಮೊದಲ ತಿಂಗಳಲ್ಲೇ ಆ ಕುರ್ಚಿ ಆ ರೂಮಲ್ಲಿ ಇದ್ದಿದ್ರೆ ಅಂತ ನನಗೆ ಅನಿಸ್ತಾನೇ ಇರತ್ತೆ. ನನ್ನ ಕರುಳನ್ನ ಅಷ್ಟು ಚೆನ್ನಾಗಿ ಹೊಲಿದವರು, ಇವನು ಮನೆಗೆ ಹೋಗಿ ಯಾರ ಪಕ್ಕ ಕೂರ್ತಾನೆ ಅಂತಲೂ ಅವತ್ತೇ ಕೇಳಿದ್ದಿದ್ರೆ.

ಮೊನ್ನೆ ಚೆಕಪ್ಪಿಗೆ ಹೋಗಿದ್ವಿ. ರಿಪೋರ್ಟು ಚೆನ್ನಾಗಿತ್ತು. ಇನ್ನು ಆರು ತಿಂಗಳು ಬರೋದು ಬೇಡ ಅಂದರು. ಆಚೆ ಬಂದು ಗೇಟಿನ ಹತ್ರ ಎಳನೀರು ಕುಡಿದ್ವಿ. ಖುಷಿ ಆಗಬೇಕಿತ್ತು, ಆಗಿತ್ತು ಕೂಡ. ಆದ್ರೂ ನಾನು ಖಾಲಿ ಬುರುಡೆ ಹಿಡ್ಕೊಂಡೇ ನಿಂತಿದ್ದೆ. ಯಶೋದಾ ಗಮನಿಸಿದಳು. “ಇನ್ನೇನ್ ಬೇಕ್ರೀ ನಿಮಗೆ?” ಅಂದಳು.

“ಆ ಎಂಟು ತಿಂಗಳು ವಾಪಸ್ ಬೇಕು ಕಣೇ,” ಅಂದೆ. “ನೀನು ಕೆಳಗೆ, ನಾನು ಮೇಲೆ. ಒಂದೇ ಮನೆ. ಮದುವೆ ಆದಾಗಿಂದ ಒಂದು ವಾರ ಬಿಟ್ಟಿರಲಿಲ್ಲ ನಾವು.”

ಅವಳು ಎಳನೀರಿನ ಬುರುಡೆ ಬುಟ್ಟಿಗೆ ಹಾಕಿ, ಸೆರಗಲ್ಲಿ ಬಾಯಿ ಒರೆಸ್ಕೊಂಡು, ಬಸ್ ಸ್ಟಾಪಿನ ಕಡೆ ನೋಡ್ತಾ ನಿಂತಳು. “ಬೇಕು ಅಂದ್ರೆ ಯಾರ ಹತ್ರ ಕೇಳ್ತೀರಾ?” ಅಂದಳು. “ಡಾಕ್ಟ್ರು ತಗೊಂಡಿಲ್ಲ.”

ಬಸ್ ಬಂತು, ಹತ್ತಿದ್ವಿ, ಸೀಟು ಒಂದೇ ಇತ್ತು, ಅವಳು ನನ್ನನ್ನ ಕೂರಿಸಿದಳು. ದಾರಿ ಪೂರ್ತಿ ಅವಳ ಮಾತೇ ತಲೆಯಲ್ಲಿತ್ತು. ಕ್ಯಾನ್ಸರ್ ನನ್ನಿಂದ ತಗೊಂಡಿದ್ದು ಒಂದು ತುಂಡು ಕರುಳು. ಆ ಎಂಟು ತಿಂಗಳನ್ನ ಅದು ಕೇಳಿರಲೇ ಇಲ್ಲ, ನಾನೇ ಕೈಯಾರೆ ಕೊಟ್ಟೆ.